ಬಾಣಂತನಕ್ಕೆ ಮೂರು ತಿಂಗಳು, ವೀಸಾಗೆ ಮೂವತ್ತು ದಿನ

ನಮ್ಮ ಹಾಸನದ ಕಡೆ ಬಾಣಂತನ ಅಂದ್ರೆ ಮೂರು ತಿಂಗಳಿಗೆ ಕಮ್ಮಿ ಇಲ್ಲ. ಸಿಂಗಪುರಕ್ಕೆ ವಿಸಿಟ್ ವೀಸಾದಲ್ಲಿ ಬರುವ ಅಮ್ಮಂದಿರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 30 ದಿನ. ಈ ಲೆಕ್ಕ ಕೂಡೋದೇ ಇಲ್ಲ. ಆಗ ಆಫೀಸಲ್ಲಿ, ಲಿಫ್ಟಲ್ಲಿ, ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಕೊಡುವ ಸಲಹೆ ಒಂದೇ: "ಬಾತಾಮ್‌ಗೆ ಹೋಗಿ ಬಂದ್ಬಿಡಿ, ಹೊಸದಾಗಿ 30 ದಿನ ಸಿಗುತ್ತೆ."

ಅಪ್ಪ-ಅಮ್ಮನನ್ನು ದೀರ್ಘಾವಧಿ ಪಾಸ್ ಮೇಲೆ ಕರೆಸಿಕೊಳ್ಳಬಹುದು, ನಿಜ. ಆದರೆ ಎಂಪ್ಲಾಯ್‌ಮೆಂಟ್ ಪಾಸ್ ಇರುವವರ ತಿಂಗಳ ಸಂಬಳ ಕನಿಷ್ಠ 12,000 ಸಿಂಗಪುರ ಡಾಲರ್ ಇರಬೇಕು. ಗಂಡ, ಹೆಂಡತಿ, ಮಕ್ಕಳಿಗಾದರೆ 6,000 ಸಾಕು. ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡವರೇ ಬಾತಾಮ್ ದೋಣಿ ಹತ್ತುವುದು. ನಾವೂ ಅದೇ ಗುಂಪು.

ಅತ್ತೆ ಬಂದ 27ನೇ ದಿನ ಅವರನ್ನು ಕರೆದುಕೊಂಡು ಹಾರ್ಬರ್‌ಫ್ರಂಟ್‌ನಿಂದ ಫೆರ್ರಿ ಹತ್ತಿದೆ. ಮೂರು ವಾರದ ಮಗು, ಹಸಿ ಬಾಣಂತಿ ಮನೆಯಲ್ಲಿ. ಅತ್ತೆಗೆ ವೀಸಾದ ಚಿಂತೆ ಒಂಚೂರೂ ಇರಲಿಲ್ಲ. "ನಾಳೆ ಮಗೀಗೆ ಎಣ್ಣೆನೀರು ಹಾಕೋರ್ಯಾರು ಅಳಿಯಂದ್ರೇ?" ಅಂತ ಮೂರು ಸಲ ಕೇಳಿದರು. ಪಕ್ಕದ ಬ್ಲಾಕಿನ ಗೆಳತಿಯೊಬ್ಬರು ಬರ್ತಾರೆ ಅಂದೆ. ನಂಬಿಕೆ ಬರಲಿಲ್ಲ.

ಅತ್ತೆ ಹುಟ್ಟಿದ್ದು ಹಳೇಬೀಡಲ್ಲಿ, ಕೊಟ್ಟಿದ್ದು ಅರಸೀಕೆರೆಗೆ, ತಂಗಿ ಮನೆ ಬೇಲೂರು. ಆ ತ್ರಿಕೋನ ಬಿಟ್ಟು ಹೊರಗೆ ಹೋಗಿದ್ದು ಅಪರೂಪ. ಹಳೇಬೀಡಿನ ಹಳೇ ಹೆಸರು ದೋರಸಮುದ್ರ. ಊರಿಗೆ ಆ ಹೆಸರು ಬಂದಿದ್ದು ಅಲ್ಲಿನ ದೊಡ್ಡ ಕೆರೆಯಿಂದ. ಅರಸೀಕೆರೆಯ ಹೆಸರಲ್ಲೂ ಕೆರೆಯೇ. ದೋರಸಮುದ್ರದ ಹೆಣ್ಣುಮಗಳು ನಿಜವಾದ ಸಮುದ್ರದ ಮೇಲೆ ಕೂತಿದ್ದು ಅವತ್ತೇ ಮೊದಲು. ಸುಮಾರು 20 ಕಿಲೋಮೀಟರ್, ಒಂದು ಗಂಟೆ ದಾರಿ. ಕಿಟಕಿಯಲ್ಲಿ ಸಾಲುಸಾಲು ಸರಕು ಹಡಗು ನೋಡಿ, "ನಮ್ಮ ಜಂಕ್ಷನ್ನಲ್ಲಿ ಗೂಡ್ಸ್ ರೈಲು ನಿಂತಂಗೆ ನಿಂತವೆ" ಅಂದರು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ದಾರಿಗಳು ಕೂಡುವ ಊರಿನವರಿಗೆ ಅದೇ ಹೋಲಿಕೆ ಹೊಳೆಯಬೇಕಲ್ಲ.

ಬಾತಾಮ್ ಇಂಡೋನೇಷ್ಯಾದ ದ್ವೀಪ. ಅಲ್ಲಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತದೆ, ಆನ್‌ಲೈನಲ್ಲೂ ಮೊದಲೇ ತಗೋಬಹುದು. ಶುಲ್ಕ 5,00,000 ರುಪಿಯಾ. "ಐದು ಲಕ್ಷವಾ!" ಅಂತ ಅತ್ತೆ ಕೌಂಟರಿನಿಂದ ಹಿಂದೆ ಸರಿದೇಬಿಟ್ಟರು. ನಮ್ಮ ದುಡ್ಡಲ್ಲಿ ಮೂರು ಸಾವಿರದೊಳಗೇ ಅಂತ ಹೇಳಿ ಸಮಾಧಾನ ಮಾಡಬೇಕಾಯ್ತು.

ಟರ್ಮಿನಲ್ ಎದುರಿನ ಮಾಲಿಗೆ ಸೂರು ಹಾಕಿದ ಸೇತುವೆ ಇದೆ. ಹೆಚ್ಚಿನ ವೀಸಾ ಯಾತ್ರಿಕರು ಅಲ್ಲೇ ಏನೋ ತಿಂದು ಸಂಜೆ ದೋಣಿಗೆ ವಾಪಸ್. ನಾವು ಒಂದು ರಾತ್ರಿ ಉಳಿದೆವು. ಹೋದ ದಿನವೇ ತಿರುಗಿ ಬಂದರೆ ಪ್ರಶ್ನೆ ಜಾಸ್ತಿ ಅಂತ ಅನುಭವಸ್ಥರು ಹೇಳಿದ್ದರು. ಆ ರಾತ್ರಿ ಅತ್ತೆಗೆ ನಿದ್ದೆ ಹತ್ತಲಿಲ್ಲ. ಎರಡು ಸಲ ವಿಡಿಯೋ ಕಾಲ್ ಮಾಡಿಸಿ ಮಗು ನೆತ್ತಿಗೆ ಎಣ್ಣೆ ಬಿದ್ದಿದೆಯಾ ನೋಡಿದರು.

ಅವರ ಮುಖ ಅರಳಿದ್ದು ಬೆಳಿಗ್ಗೆ, ಎಳನೀರು ಅಂಗಡಿಯಲ್ಲಿ. ಅರಸೀಕೆರೆ ಕೊಬ್ಬರಿ ಮಾರುಕಟ್ಟೆಯ ರೇಟು ಈಗಲೂ ದಿನಾ ಫೋನಲ್ಲಿ ಕೇಳುವ ಹೆಂಗಸು. ಕಾಯಿ ತಟ್ಟಿ, ಅಲ್ಲಾಡಿಸಿ, "ಗಾತ್ರ ಐತೆ, ತಿರುಳು ನಮ್ಮಷ್ಟು ಇಲ್ಲ" ಅಂತ ತೀರ್ಪು ಕೊಟ್ಟರು. ತೆಂಗು ಬೆಳೆಯುವುದರಲ್ಲಿ ಇಂಡೋನೇಷ್ಯಾ ಜಗತ್ತಿನ ಮುಂಚೂಣಿ ದೇಶ ಅಂತ ನಾನು ಹೇಳಿದ್ದು ಅವರ ಮೇಲೆ ಏನೂ ಪರಿಣಾಮ ಬೀರಲಿಲ್ಲ. ಅಲ್ಲಿ ಗಂಡನಿಗೆ 'ಸುಆಮಿ', ಹೆಂಡತಿಗೆ 'ಇಸ್ತ್ರಿ' ಅಂತಾರೆ ಅಂದಾಗ ಮಾತ್ರ ಬಿದ್ದುಬಿದ್ದು ನಕ್ಕರು. ಎರಡೂ ಸಂಸ್ಕೃತದಿಂದ ಹೋದವು.

ಈಗ ಮುಖ್ಯ ವಿಷಯ. ನಿಮ್ಮಮ್ಮನ ಸಿಂಗಪುರ ವೀಸಾ ಮಲ್ಟಿಪಲ್ ಎಂಟ್ರಿಯಾ ಅಂತ ದೋಣಿ ಟಿಕೆಟ್ ತಗೊಳ್ಳೋ ಮೊದಲೇ ನೋಡಿ. ಸಿಂಗಲ್ ಎಂಟ್ರಿ ಆಗಿದ್ದರೆ ಬಾತಾಮ್‌ನಿಂದ ವಾಪಸ್ ಬರೋ ದಾರಿಯೇ ಇಲ್ಲ. ವಾಪಸ್ ಬರುವ ಮುಂಚಿನ ಮೂರು ದಿನದೊಳಗೆ ಸಿಂಗಪುರದ ಅರೈವಲ್ ಕಾರ್ಡ್ ಮತ್ತೆ ತುಂಬಬೇಕು. ಅದು ಪುಕ್ಕಟೆ; ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಮುಚ್ಚಿಬಿಡಿ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಆಯಸ್ಸು ಇರಲಿ. ಇಷ್ಟೆಲ್ಲ ಇದ್ದರೂ ಎಷ್ಟು ದಿನ ಕೊಡಬೇಕು, ಒಳಗೆ ಬಿಡಬೇಕಾ ಬೇಡವಾ ಅನ್ನೋದು ಕೌಂಟರಿನ ಅಧಿಕಾರಿಗೆ ಬಿಟ್ಟಿದ್ದು. 'ಹೊಸ 30 ದಿನ' ಯಾರ ಹಕ್ಕೂ ಅಲ್ಲ. ಆನ್‌ಲೈನಲ್ಲಿ ಅವಧಿ ವಿಸ್ತರಣೆಗೆ ಅರ್ಜಿ ಹಾಕುವ ದಾರಿ ಇದೆ, ಮೊದಲು ಅದನ್ನೇ ನೋಡಿ.

ನನ್ನದು ಪಾಸ್ ಇದ್ದವರ ಸಾಲು, ಅತ್ತೆಯದು ವಿಸಿಟರ್ ಸಾಲು. ಅವರಿಗೆ ಇಂಗ್ಲಿಷ್ ಬರಲ್ಲ. ವಾಪಸ್ ಟಿಕೆಟ್, ನನ್ನ ಪತ್ರ, ಮಗುವಿನ ಜನನ ಪತ್ರದ ಪ್ರತಿ ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಟ್ಟಿದ್ದೆ. ಗೆರೆ ಆಚೆ ನಿಂತು ನೋಡ್ತಿದ್ದೆ. ಅಧಿಕಾರಿ ಏನೋ ಕೇಳಿದರು, ಅತ್ತೆ ಕವರನ್ನೇ ಮುಂದಿಟ್ಟು ಎರಡೂ ಕೈಯಲ್ಲಿ ಮಗು ತೂಗುವ ಹಾಗೆ ಮಾಡಿ ತೋರಿಸಿದರು. ಹತ್ತು ನಿಮಿಷ. ಆಮೇಲೆ ನನ್ನ ಇಮೇಲಿಗೆ ಇ-ಪಾಸ್ ಬಂತು: 30 ದಿನ.

"ಏನಂದ್ರು ಅತ್ತೆ?"

"ಪದೇ ಪದೇ ಬರ್ಬೇಡ ಅಂದಂಗಾಯ್ತು."

ಎರಡನೇ ಸಲ ದೋಣಿ ಹತ್ತಲು ಅವರೂ ಒಪ್ಪಲಿಲ್ಲ, ನನಗೂ ಧೈರ್ಯ ಇರಲಿಲ್ಲ. ನನ್ನ ಹೆಂಡತಿಗೆ ಇದ್ದಿದ್ದು 12 ವಾರದ ರಜೆ. ಭಾರತೀಯ ಹೈಕಮಿಷನ್‌ನಲ್ಲಿ ಮಗುವಿನ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿದೆವು. ಅತ್ತೆಯ ಅವಧಿ ಮುಗಿಯೋಕೆ ಎರಡು ದಿನ ಇದ್ದಂಗೆ ಅಜ್ಜಿ, ಮಗಳು, ಮೊಮ್ಮಗ ಮೂವರೂ ವಿಮಾನ ಹತ್ತಿದರು. ಮೂರನೇ ತಿಂಗಳ ಎಣ್ಣೆನೀರು ಅರಸೀಕೆರೆ ಮನೆಯ ಬಚ್ಚಲಲ್ಲೇ ಆಯ್ತು.