ನಮ್ಮ ಬಚ್ಚಲಿಗೆ ಜಕೂಜಿ ಬೇಕೆ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸೇಡಂನಲ್ಲಿರುವ ನಮ್ಮ ಹಳೆಯ ಮನೆಯ ಹಿಂಭಾಗ ಕೆಡವಿ ಕಟ್ಟಿಸಲು ಶುರು ಮಾಡಿದಾಗ ಅಡುಗೆಮನೆಗೆ, ದೇವರಮನೆಗೆ ಯಾರೂ ತಕರಾರು ತೆಗೆಯಲಿಲ್ಲ. ವಾದ ಎದ್ದದ್ದು ಬಚ್ಚಲುಮನೆಗೆ!

ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮಗ ಹಬ್ಬಕ್ಕೆ ಬಂದವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. “ಅವ್ವಾ, ಇದಕ್ಕ ಜಕೂಜಿ ಅಂತಾರ. ಬಿಸಿನೀರು ಸುತ್ತಲಿಂದ ಚಿಮ್ಮತದ. ಆಯಿ ಮೊಣಕಾಲಿಗೂ ಛಲೋ, ನಿನ್ನ ಸೊಂಟಕ್ಕೂ ಛಲೋ. ಹಾಕಿಸೇ ಬಿಡೋಣ” ಎಂದ. ಅಂಗಡಿಯವರು ಹೇಳಿದ ಬೆಲೆ ಒಂದು ಲಕ್ಷದ ಮೇಲೆ. ನಾನು ನಾಲ್ಕು ವರ್ಷ ಭಿಶಿಯಲ್ಲಿ ಕೂಡಿಸಿದ ದುಡ್ಡು ಹೆಚ್ಚುಕಡಿಮೆ ಅಷ್ಟೇ ಇತ್ತು. ಮನೆಯವರು “ದುಡ್ಡು ನಿಂದು, ನೀನೇ ವಿಚಾರ ಮಾಡು” ಎಂದು ಪೇಪರು ಹಿಡಿದು ಕುಳಿತರು.

ಸೋದರಿಯರೇ, ನಿಜ ಹೇಳಿದರೆ ನನಗೂ ಆಸೆಯಾಯಿತು. ಯಾಕೆಂದರೆ ನನ್ನ ತವರು ಚಿಂಚೋಳಿಯಲ್ಲಿ ದೊಡ್ಡ ತಾಮ್ರದ ಹಂಡೆಯಿತ್ತು. ಅದಕ್ಕೆ ನೀರು ತುಂಬಿ ಉರಿ ಹಾಕುತ್ತಿದ್ದವಳು ಅವ್ವ. ಆದರೆ ಮೊದಲು ಸ್ನಾನ ಮಾಡುತ್ತಿದ್ದವರು ಅಪ್ಪ, ಆಮೇಲೆ ಬಂದ ಬೀಗರು, ಆಮೇಲೆ ಅಣ್ಣಂದಿರು, ನಾವು. ಅವ್ವನ ಪಾಲಿಗೆ ಉಳಿಯುತ್ತಿದ್ದುದು ಹಂಡೆಯ ತಳದ ಉಗುರುಬೆಚ್ಚಗಿನ ನೀರು. ಮದುವೆಯಾಗಿ ಬಂದ ಮೇಲೆ ನನ್ನದೂ ಅದೇ ಕಥೆ; ಹಂಡೆ ಹೋಗಿ ಗೀಜರ್ ಬಂತು, ಸರದಿ ಮಾತ್ರ ಬದಲಾಗಲಿಲ್ಲ. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಹದಿನೈದು ನಿಮಿಷ ಕೂರುವುದೆಂದರೆ ಯಾರಿಗೆ ಬೇಡ? ಆದರೂ ದುಡ್ಡು ಕೊಡುವ ಮುನ್ನ ನಾಲ್ಕು ಜನರನ್ನು ಕೇಳೋಣ ಎಂದುಕೊಂಡೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲಿಗೆ ಈ ಜಕೂಜಿ ಶ್ರೀಮಂತರ ಸೋಗಿಗಾಗಿ ಹುಟ್ಟಿದ್ದಲ್ಲ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಜಕೂಜಿ ಸಹೋದರರ ಕಂಪನಿ ಹೊಲಕ್ಕೆ ನೀರೆತ್ತುವ ಪಂಪು ತಯಾರಿಸುತ್ತಿತ್ತು. ಅವರಲ್ಲಿ ಒಬ್ಬರಾದ ಕ್ಯಾಂಡಿಡೋ ಜಕೂಜಿಯವರ ಮಗನಿಗೆ ಎಳೆವಯಸ್ಸಿನಲ್ಲೇ ಸಂಧಿವಾತ. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ನೀರಿನ ಚಿಕಿತ್ಸೆ ಮಗನಿಗೆ ಮನೆಯಲ್ಲೇ ಸಿಗಲೆಂದು ತಂದೆ ತೊಟ್ಟಿಯೊಳಗೆ ಇಡುವ ಪಂಪು ಮಾಡಿದರು. 1956ರಲ್ಲಿ ಅದು ಮಾರಾಟಕ್ಕೆ ಬಂತು. ಪಂಪು ಕೂಡಿಯೇ ಇರುವ ತೊಟ್ಟಿಯನ್ನು ಅದೇ ಮನೆತನದ ರಾಯ್ ಜಕೂಜಿ 1968ರಲ್ಲಿ ತಂದರು. ಮಗನ ನೋವು ನೋಡಲಾರದ ತಂದೆಯ ಕೆಲಸ ಇದು ಎಂದು ತಿಳಿದ ಮೇಲೆ ನನಗೆ ಆ ತೊಟ್ಟಿಯ ಮೇಲೆ ಗೌರವವೇ ಬಂತು.

ಇದರಲ್ಲಿ ಎರಡು ಜಾತಿ. ಬಚ್ಚಲೊಳಗಿನದನ್ನು ಪ್ರತಿ ಸ್ನಾನಕ್ಕೂ ತುಂಬಿ, ಆಮೇಲೆ ಖಾಲಿ ಮಾಡಬೇಕು. ಹೊರಗೆ ಅಂಗಳದಲ್ಲೋ ಮಾಳಿಗೆಯಲ್ಲೋ ಇಡುವ ದೊಡ್ಡ ತೊಟ್ಟಿಯ ನೀರನ್ನು ಶೋಧಿಸಿ, ಕ್ಲೋರಿನ್ ಹಾಕಿ, ತಿಂಗಳುಗಟ್ಟಲೆ ಇಡುತ್ತಾರೆ. ಅದಕ್ಕೆ ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು, ಸದಾ ಬಿಸಿಯಾಗಿಡಲು ಕರೆಂಟೂ ಬೇಕು.

ಬಚ್ಚಲಿನ ತೊಟ್ಟಿಯನ್ನೇ ಲೆಕ್ಕ ಹಾಕೋಣ. ಒಂದು ಸಾಧಾರಣ ತೊಟ್ಟಿಗೆ ಸುಮಾರು 250 ಲೀಟರ್ ನೀರು. ದೊಡ್ಡ ಎರಡು ಬಕೀಟು ಅಂದರೆ 40 ಲೀಟರ್, ಒಬ್ಬರ ಧಾರಾಳ ಸ್ನಾನ. ಅಲ್ಲಿಗೆ ತೊಟ್ಟಿಯ ಒಂದು ಸ್ನಾನಕ್ಕೆ ಆರು ಜನರ ಸ್ನಾನದ ನೀರು ಹೋಯಿತು! ಒಳಚರಂಡಿ ಇಲ್ಲದ ಊರುಗಳ ನಳದ ಯೋಜನೆಗೆ ತಲೆಗೆ ದಿನಕ್ಕೆ 70 ಲೀಟರ್ ಎಂದು ಸರ್ಕಾರ ಲೆಕ್ಕ ಹಿಡಿಯುತ್ತದೆ. ಅಂದರೆ ಅಡುಗೆ, ಪಾತ್ರೆ, ಬಟ್ಟೆ ಎಲ್ಲಾ ಸೇರಿ ಮೂರು ಜನರ ಇಡೀ ದಿನದ ನೀರಿಗಿಂತ ಇದು ಹೆಚ್ಚು. ನಮ್ಮ ಕಾಗಿಣಾ ಮಳೆಗಾಲದಲ್ಲಿ ಸೇತುವೆ ಮುಟ್ಟಿ ಹರಿದರೂ ಬೇಸಿಗೆಯಲ್ಲಿ ಸೊರಗುತ್ತಾಳೆ. ಆಗ ನಮ್ಮ ಓಣಿಯಲ್ಲಿ ಮೂರು ದಿನಕ್ಕೊಮ್ಮೆ ನಳ ಬಂದರೆ ಪುಣ್ಯ.

ವಾಡಿಯಲ್ಲಿರುವ ನನ್ನ ನಾದಿನಿ ಮನೆ ಕಟ್ಟಿಸಿದಾಗ ಹುರುಪಿನಿಂದ ಸಾದಾ ಬಾತ್‌ಟಬ್ ಹಾಕಿಸಿದ್ದಳು. ಈಗ ಅದು ಏನಾಗಿದೆ ಗೊತ್ತೇ? ನಳ ಬಂದಾಗ ನೀರು ತುಂಬಿಡುವ ಹೌದ! ಅದರಲ್ಲೂ ಮೊಮ್ಮಗು ಅಂಬೆಗಾಲಿಡಲು ಕಲಿತ ಮೇಲೆ ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ. ಗೇಣುದ್ದ ನೀರಿದ್ದರೂ ಎಳೆಮಗುವಿನ ಜೀವಕ್ಕೆ ಅಪಾಯ, ಮರೆಯಬೇಡಿ.

ಇನ್ನು ಭಾರ. ನಮ್ಮ ಗೌಂಡಿ ಒಂದೇ ಮಾತಿನಲ್ಲಿ ಹೇಳಿದ: “ಅಕ್ಕೋರ, ತೊಟ್ಟಿ ಭಾರಲ್ಲರೀ, ನೀರ ಭಾರ.” 250 ಲೀಟರ್ ಅಂದರೆ 250 ಕಿಲೋ. ತೊಟ್ಟಿ, ಒಳಗೆ ಕೂತವರು ಸೇರಿದರೆ ನಾಲ್ಕು ಕ್ವಿಂಟಲ್ ಹತ್ತಿರ. ನೆಲಮಟ್ಟದ ಮೇಲಾದರೆ ಚಿಂತೆಯಿಲ್ಲ. ಮಹಡಿಯಲ್ಲಾದರೆ ಇಂಜಿನಿಯರರನ್ನು ಕೇಳದೆ ಇಡಬಾರದು. ಹಳೆಯ ಮಣ್ಣಿನ ಮಾಳಿಗೆಯ ಮೇಲಂತೂ ಬೇಡವೇ ಬೇಡ.

ನೀರು ಕಾಯಿಸುವುದೂ ಸುಲಭವಲ್ಲ. ಅಷ್ಟು ನೀರನ್ನು ಹಿತವಾದ ಬಿಸಿಗೆ ತರಲು ಸುಮಾರು ನಾಲ್ಕು ಯೂನಿಟ್ ಕರೆಂಟು ಬೇಕು. 25 ಲೀಟರಿನ ಗೀಜರ್ ಒಮ್ಮೆ ಕಾದರೆ ತಣ್ಣೀರು ಬೆರೆಸಿದ ಮೇಲೂ ತುಂಬುವುದು ತೊಟ್ಟಿಯ ಕಾಲುಭಾಗ. ನಾಲ್ಕನೆಯ ಸಲ ಕಾಯುವಷ್ಟರಲ್ಲಿ ಮೊದಲಿನದು ಆರಿರುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿಯ ಲೆಕ್ಕದಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮ ಮೇಲೆ ಎಂಬುದೂ ನೆನಪಿರಲಿ. ಮತ್ತೊಂದು ತಮಾಷೆ ಕೇಳಿ: ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ನಮ್ಮ ಕಡೆ ಮಾಳಿಗೆಯ ಕರಿ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಆಗ ಬಿಸಿನೀರಿನ ತೊಟ್ಟಿಗೆ ಇಳಿಯುವವರು ಯಾರು?

ಎಲ್ಲಕ್ಕಿಂತ ದೊಡ್ಡದು ಸುಣ್ಣದ ಕಾಟ. ಸೇಡಂ, ಶಹಾಬಾದ್, ಚಿತ್ತಾಪುರದ ನೆಲವೆಲ್ಲ ಸುಣ್ಣದಕಲ್ಲು. ಸಿಮೆಂಟಿನ ಕಾರ್ಖಾನೆಗಳು ಇಲ್ಲಿಗೆ ಬಂದದ್ದೇ ಅದಕ್ಕಾಗಿ. ಅದೇ ಸುಣ್ಣ ಬೋರಿನ ನೀರಿನಲ್ಲೂ ಇದೆ. ಚಹಾ ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವುದನ್ನು ನೀವು ದಿನಾ ನೋಡುತ್ತೀರಲ್ಲ? ನೀರು ಚಿಮ್ಮುವ ಸಣ್ಣ ತೂತುಗಳಿಗೂ ಪಂಪಿಗೂ ಅದೇ ಗತಿ. ಕೊಳವೆಯೊಳಗೆ ನಿಂತ ನೀರಿನಲ್ಲಿ ಸೋಪಿನ ಕೊಳೆ ಸೇರಿ ರೋಗಾಣು ಬೆಳೆಯುತ್ತವೆ. ಆಗಾಗ ಔಷಧ ಹಾಕಿ ಪಂಪು ಓಡಿಸಿ ತೊಳೆಯಲೇಬೇಕು. ತೊಳೆಯುವವರು ಯಾರು? ತೊಟ್ಟಿ ತೋರಿಸಿದ ಮಗನೂ ಅಲ್ಲ, ಪೇಪರು ಓದುವವರೂ ಅಲ್ಲ!

ಚಿತ್ತಾಪುರದ ನಮ್ಮ ಪರಿಚಯದ ಡಾಕ್ಟರರನ್ನು ಕೇಳಿದೆ. ಬಿಸಿನೀರಿನಿಂದ ಕೀಲಿನ ಬಿಗಿತ ಸಡಿಲಾಗುತ್ತದೆ, ನೋವಿಗೆ ಆರಾಮ ಸಿಗುತ್ತದೆ. ಆದರೆ ಸವೆದ ಮೊಣಕಾಲು ಮತ್ತೆ ಬೆಳೆಯುವುದಿಲ್ಲ ಎಂದರು. ನೀರು 40 ಡಿಗ್ರಿ ಮೀರಬಾರದು. ಹೃದಯದ ತೊಂದರೆ, ಬಿ.ಪಿ. ಇದ್ದವರು, ಬಸುರಿಯರು ಡಾಕ್ಟರರನ್ನು ಕೇಳದೆ ಇಳಿಯಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು, ಆದ್ದರಿಂದ ನೀರಿನ ಬಿಸಿಯನ್ನು ಬೇರೆಯವರು ನೋಡಬೇಕು.

ಕೊನೆಗೆ ಅತ್ತೆಯವರಿಗೇ ಚಿತ್ರ ತೋರಿಸಿದೆ. ಎಲ್ಲವೂ ಅವರ ಮೊಣಕಾಲಿನ ಹೆಸರಿನಲ್ಲಿ ನಡೆದಿತ್ತು, ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು. “ದನಕ್ಕ ನೀರ ಕುಡಿಸೋ ಡೋಣಿ ಇದ್ಹಂಗ ಅದ. ಇದರಾಗ ನಾ ಇಳಿಲಾಕ ಆಗಲ್ಲ ತಾಯಿ, ಇಳಿದ್ರ ಏಳಲಾಕ ಆಗಲ್ಲ. ನಂಗ ಜಾರಿ ಬೀಳದಂಗ ಕೂಡಲಾಕ ಒಂದ್ ಕಟ್ಟಿ ಕಟ್ಟಸು, ಸಾಕು” ಎಂದರು. ಹಿಂದಿನ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು. ಆ ಹೆದರಿಕೆ ಇನ್ನೂ ಅವರನ್ನು ಬಿಟ್ಟಿಲ್ಲವೆಂದು ನನಗೆ ಅಂದೇ ತಿಳಿದದ್ದು.

ಭಿಶಿಯ ದುಡ್ಡಿನಲ್ಲಿ ನಾವು ಮಾಡಿಸಿದ್ದು ಇಷ್ಟು: ಐದು ಜನಕ್ಕೆ ಸಾಲುವ ಸೋಲಾರ್ ಬಿಸಿನೀರು, ನೆಲಕ್ಕೆ ಪಾಲಿಶ್ ಮಾಡದ ಒರಟು ಶಹಾಬಾದಿ ಫರಸಿ, ಕುರ್ಚಿಯ ಎತ್ತರಕ್ಕೆ ಒಂದು ಕಲ್ಲಿನ ಕಟ್ಟೆ, ಅದರ ಪಕ್ಕ ಗೋಡೆಗೆ ಗಟ್ಟಿ ಸ್ಟೀಲಿನ ಹಿಡಿಕೆ, ಕೈಯಲ್ಲಿ ಹಿಡಿಯುವ ಷವರು, ಮೊಣಕಾಲವರೆಗೆ ಕಾಲು ಇಳಿಬಿಡಲು ಒಂದು ಆಳದ ಟಬ್ಬು. ಇಷ್ಟಾಗಿಯೂ ಸ್ವಲ್ಪ ದುಡ್ಡು ಉಳಿಯಿತು. ಒಂದು ಎಚ್ಚರಿಕೆ: ಫರಸಿಯೂ ಸುಣ್ಣದಕಲ್ಲೇ. ಅದಕ್ಕೆ ಆಸಿಡ್, ಲಿಂಬೆ, ಹುಣಸೆಹುಳಿ ಹಾಕಿ ಉಜ್ಜಿದರೆ ಕಲ್ಲೇ ಕರಗಿ ಕಲೆಯಾಗುತ್ತದೆ. ನಳ, ಷವರಿನ ಬಿಳಿ ಪೊರೆಗೆ ಮಾತ್ರ ಲಿಂಬೆರಸ ಹಚ್ಚಿ ತೊಳೆಯಿರಿ.

ಹಾಗಾದರೆ ಜಕೂಜಿ ಯಾರಿಗೂ ಬೇಡವೇ? ಹಾಗೇನಿಲ್ಲ. ಹಾಕಿಸುವ ಮೊದಲು ಈ ಆರು ಪ್ರಶ್ನೆ ಕೇಳಿಕೊಳ್ಳಿ:

1. ಬೇಸಿಗೆಯಲ್ಲೂ ನಮಗೆ ಟ್ಯಾಂಕರ್ ಕರೆಸದಷ್ಟು ನೀರಿದೆಯೇ? ಅದು ಮೆದುನೀರೇ?
2. ಭಾರ ತಡೆಯುವ ನೆಲವೇ?
3. ಅರ್ಥಿಂಗ್ ಸರಿಯಿದೆಯೇ? ಶಾಕ್ ಹೊಡೆಯದಂತೆ ತಕ್ಷಣ ಕರೆಂಟು ಕಡಿಯುವ ಸ್ವಿಚ್ಚಿದೆಯೇ?
4. ಪಂಪು ಕೆಟ್ಟರೆ ರಿಪೇರಿಗೆ ನಮ್ಮೂರಿಗೆ ಯಾರು ಬರುತ್ತಾರೆ? ಪಂಪಿನ ತನಕ ಕೈ ಹೋಗಲು ಬಾಗಿಲಿದೆಯೇ?
5. ಯಾರಿಗಾಗಿ ಹಾಕಿಸುತ್ತಿದ್ದೇವೋ ಅವರು ಅದರೊಳಗೆ ಇಳಿದು ಏಳಬಲ್ಲರೇ?
6. ವಾರ ವಾರ ತೊಳೆಯುವವರು ಯಾರು?

ಆರಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಧಾರಾಳವಾಗಿ ಹಾಕಿಸಿ. ಹೊಟ್ಟೆಕಿಚ್ಚು ಪಡುವವರಲ್ಲಿ ನಾನೇ ಮೊದಲಿಗಳು!

ಹೊಸ ಬಚ್ಚಲಿನ ಮೊದಲ ದಿನ ಎಂದಿನಂತೆ ಎಲ್ಲರಿಗೂ ಟವೆಲು, ಸೋಪು ಎತ್ತಿಡುತ್ತಿದ್ದೆ. ಅತ್ತೆಯವರು ಕೋಲೂರಿಕೊಂಡು ಬಾಗಿಲಲ್ಲಿ ನಿಂತು, “ಇವತ್ತ ಮೊದಲ ನೀ ಮಾಡ್ಕೋ ತಾಯಿ. ಚಹಾ ಅವರೇ ಇಟ್ಕೋತಾರ” ಎಂದರು. ಮನೆಯವರು ಪೇಪರು ಮಡಚಿ ಸುಮ್ಮನೆ ಅಡುಗೆಮನೆಗೆ ಹೋದರು. ಕಟ್ಟೆಯ ಮೇಲೆ ಕುಳಿತು ಬೆನ್ನ ಮೇಲೆ ಬಿಸಿನೀರು ಬಿಟ್ಟುಕೊಂಡಾಗ ನನಗೆ ಚಿಂಚೋಳಿಯ ಅವ್ವ ನೆನಪಾದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಕಡೆ ನೀರು ಇದ್ದಷ್ಟು ತೊಟ್ಟಿ ಎನ್ನಬೇಕು. ಆದರೆ ಬಿಸಿನೀರಿನ ಸ್ನಾನ ಚೈನಿಯಲ್ಲ, ದುಡಿಯುವ ಮೈಗೆ ಅದು ಬೇಕೇ ಬೇಕು. ನಿಮ್ಮ ಮನೆಯಲ್ಲಿ ಕೊನೆಗೆ ಸ್ನಾನ ಮಾಡುವವರು ಯಾರು? ಅವರ ಪಾಲಿಗೆ ಬಿಸಿನೀರು ಉಳಿಯುತ್ತದೆಯೇ? ಬಚ್ಚಲು ಕಟ್ಟಿಸುವಾಗ ಮೊದಲು ಅದನ್ನು ನೋಡಿ.