ಬಿಸಿಲು, ಚರ್ಮ ಮತ್ತು ಮಾಯದ ಗಾಯ

ಬೀದರ, ಭಾಲ್ಕಿ, ಔರಾದ ಭಾಗದ ಒಕ್ಕಲುತನವು ಬಹುಮಟ್ಟಿಗೆ ಬಯಲಿನಲ್ಲಿಯೇ ನಡೆಯುವ ದುಡಿಮೆ. ಡಾಬಕಾ ಸುತ್ತಲಿನ ಹೊಲಗಳಲ್ಲಿ ಮುಂಗಾರಿನಲ್ಲಿ ಸೋಯಾ, ಉದ್ದು, ಹೆಸರು, ತೊಗರಿ, ಹಿಂಗಾರಿನಲ್ಲಿ ಜೋಳ, ಕಡಲೆ ಹೀಗೆ ಬೆಳೆಗಳು ಬದಲಾಗುತ್ತವೆ. ಆದರೆ ಬಿತ್ತುವವರ, ಕಳೆ ತೆಗೆಯುವವರ, ಕೊಯ್ಯುವವರ ಬೆನ್ನಿನ ಮೇಲಿನ ಬಿಸಿಲು ಬದಲಾಗುವುದಿಲ್ಲ. ಬೆಳೆಗೆ ಬರುವ ರೋಗವನ್ನು ಎಲೆಯ ಮೇಲೆ ಚುಕ್ಕೆ ಕಂಡೊಡನೆ ಗುರುತಿಸುವ ರೈತರು ತಮ್ಮ ಮೈಮೇಲಿನ ಚುಕ್ಕೆಯನ್ನು ವರ್ಷಗಟ್ಟಲೆ ಅಲಕ್ಷಿಸುವುದುಂಟು. ಬಿಸಿಲಿನಿಂದ ಚರ್ಮಕ್ಕೆ ಆಗುವ ಹಾನಿ, ಚರ್ಮದ ಕ್ಯಾನ್ಸರಿನ ಮುನ್ಸೂಚನೆಗಳು, ಅವನ್ನು ತಡೆಯುವ ಬಗೆ ಮತ್ತು ಚಿಕಿತ್ಸೆಯ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಬಿಸಿಲಿನ ಕಾವು ಬೇರೆ, ಕಿರಣ ಬೇರೆ

ಮೈಗೆ ತಟ್ಟುವ ಕಾವೇ ಚರ್ಮವನ್ನು ಕೆಡಿಸುತ್ತದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಇದು ಪೂರ್ತಿ ನಿಜವಲ್ಲ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಇವು ಚರ್ಮದ ಜೀವಕೋಶಗಳ ಒಳಗಿರುವ ವಂಶವಾಹಿ ವಸ್ತುವಿಗೆ ಪೆಟ್ಟು ಕೊಡುತ್ತವೆ. ಕೋಶಗಳು ಈ ಪೆಟ್ಟನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತವೆ. ಆದರೆ ದಿನವೂ ಹತ್ತಾರು ವರ್ಷ ಪೆಟ್ಟು ಬೀಳುತ್ತಿದ್ದರೆ ಕೆಲವು ದುರಸ್ತಿಯಾಗದೆ ಉಳಿಯುತ್ತವೆ. ಅಂತಹ ಕೋಶವೊಂದು ಹತೋಟಿ ತಪ್ಪಿ ಬೆಳೆಯತೊಡಗಿದರೆ ಅದೇ ಕ್ಯಾನ್ಸರ್ ಅಥವಾ ಏಡಿಗಂತಿ.

ಕಾವು ಮತ್ತು ಈ ಕಿರಣಗಳು ಯಾವಾಗಲೂ ಜೊತೆಯಾಗಿ ಇರುವುದಿಲ್ಲ. ಔರಾದ ಭಾಗದಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಬರುತ್ತಾನೆ. ಒಮ್ಮೆ ಮೇ ತಿಂಗಳ ಮಧ್ಯಭಾಗದಲ್ಲಿ, ಮತ್ತೊಮ್ಮೆ ಜುಲೈ ತಿಂಗಳ ಕೊನೆಯಲ್ಲಿ. ಮೇ ತಿಂಗಳ ಬಿಸಿಲಿಗೆ ಎಲ್ಲರೂ ಅಂಜುತ್ತಾರೆ. ಜುಲೈನಲ್ಲಿ ಮೋಡ ಮುಚ್ಚಿ ಗಾಳಿ ತಂಪಾಗಿರುವುದರಿಂದ ಯಾರೂ ಅಂಜುವುದಿಲ್ಲ. ಆದರೆ ತೆಳುವಾದ ಮೋಡಗಳು ನೇರಳಾತೀತ ಕಿರಣಗಳನ್ನು ಹೆಚ್ಚಾಗಿ ತಡೆಯುವುದಿಲ್ಲ. ಸೋಯಾ, ಉದ್ದಿನ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವ ಕಾಲವೂ ಇದೇ ಆಗಿದೆ.

ಕಿರಣಗಳ ತೀವ್ರತೆಯನ್ನು ಅಳೆಯಲು ಯಾವ ಉಪಕರಣವೂ ಬೇಡ. ನಿಂತವರ ನೆರಳು ಅವರ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣಗಳು ತೀಕ್ಷ್ಣವಾಗಿವೆಯೆಂದು ತಿಳಿಯಬೇಕು. ನೆರಳು ಎತ್ತರಕ್ಕಿಂತ ಉದ್ದವಾಗಿದ್ದರೆ ಅಪಾಯ ಕಡಿಮೆ. ಈ ಭಾಗದಲ್ಲಿ ಗಡಿಯಾರದ ಪ್ರಕಾರ ಮಧ್ಯಾಹ್ನ ಸುಮಾರು 12-20ಕ್ಕೆ ಸೂರ್ಯ ಅತಿ ಎತ್ತರದಲ್ಲಿರುತ್ತಾನೆ. ಡಿಸೆಂಬರಿನ ಚಳಿಯಲ್ಲಿಯೂ ನಡುಹಗಲಿನ ನೆರಳು ಆಳಿನ ಎತ್ತರಕ್ಕಿಂತ ತುಸು ಗಿಡ್ಡವೇ ಆಗಿರುತ್ತದೆ. ಆದ್ದರಿಂದ ಜೋಳ, ಕಡಲೆಯ ಹೊಲದಲ್ಲಿಯೂ ಎಚ್ಚರಿಕೆ ಅವಶ್ಯ.

ಕಪ್ಪು ಚರ್ಮಕ್ಕೆ ಭಯವಿಲ್ಲವೇ?

ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣವಸ್ತುವು ಕೊಡೆಯಂತೆ ಕೆಲಸ ಮಾಡಿ ಕಿರಣಗಳನ್ನು ತಡೆಯುತ್ತದೆ. ಆದ್ದರಿಂದಲೇ ಬಿಳಿಯರ ದೇಶಗಳಲ್ಲಿ, ಮುಖ್ಯವಾಗಿ ಆಸ್ಟ್ರೇಲಿಯದಲ್ಲಿ, ಬಲು ಸಾಮಾನ್ಯವಾಗಿರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ. ಆದರೆ ವಿರಳ ಎಂದರೆ ಇಲ್ಲವೆಂದಲ್ಲ. ನಮ್ಮಲ್ಲಿ ಅದು ಬರುವ ದಾರಿಗಳು ಬೇರೆಯಾಗಿವೆ. ಯಾರೂ ಅನುಮಾನಿಸದೆ ಇರುವುದರಿಂದ ರೋಗ ಬಲಿತ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ನಮ್ಮ ಹಳ್ಳಿಗಳಲ್ಲಿ ನಿಜವಾದ ತೊಂದರೆ ಇದೇ.

ಮೆಲನಿನ್ ರಕ್ಷಣೆ ಇಲ್ಲದವರಿಗೆ ಬಿಸಿಲೇ ನೇರ ಶತ್ರು. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವವರಿಗೆ ಎಳೆಯ ವಯಸ್ಸಿನಲ್ಲಿಯೇ ಚರ್ಮದ ಕ್ಯಾನ್ಸರ್ ಬರಬಹುದು. ಅಂತಹ ಮಕ್ಕಳನ್ನು ಹೊಲದ ಕೆಲಸಕ್ಕೆ ಹಚ್ಚಬಾರದು. ಓದಿಸಿ ನೆರಳಿನ ಉದ್ಯೋಗಕ್ಕೆ ಸಿದ್ಧಪಡಿಸುವುದು ಅವರ ಜೀವ ಉಳಿಸುವ ಕೆಲಸ. ತೊನ್ನು ಇರುವವರ ಬಿಳಿ ಮಚ್ಚೆಗಳೂ ಬಿಸಿಲಿಗೆ ಬೇಗ ಸುಡುತ್ತವೆ, ಅವನ್ನು ಬಟ್ಟೆಯಿಂದ ಮುಚ್ಚಬೇಕು. ಇನ್ನು ಕೆಲವು ಮಕ್ಕಳಲ್ಲಿ ಎರಡು ಮೂರು ವರ್ಷಕ್ಕೇ ಮುಖ, ಕೈಗಳ ಮೇಲೆ ಕಂದು ಚುಕ್ಕೆಗಳು ಒತ್ತಾಗಿ ಕಾಣಿಸಿಕೊಂಡು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತವೆ. ಇದು ತಂದೆತಾಯಿ ಇಬ್ಬರಿಂದಲೂ ಬರುವ ವಂಶಪಾರಂಪರ್ಯ ದೋಷ. ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಂಭವ ಹೆಚ್ಚು. ಅಂತಹ ಮಗುವನ್ನು ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಬೇಕು.

ನಮ್ಮಲ್ಲಿ ಕ್ಯಾನ್ಸರ್ ಬರುವ ದಾರಿಗಳು

1. ಹಳೆಯ ಸುಟ್ಟ ಕಲೆ ಮತ್ತು ಮಾಯದ ಹುಣ್ಣು: ಒಲೆಯ ಬೆಂಕಿ, ಬೆಲ್ಲದ ಕೊಪ್ಪರಿಗೆಯ ಕುದಿರಸ ಮುಂತಾದವುಗಳಿಂದ ಸುಟ್ಟ ಗಾಯವು ಚರ್ಮ ಕಸಿ ಇಲ್ಲದೆ ತಾನಾಗಿಯೇ ಮಾಯ್ದಾಗ ಕಲೆ ಬಿಗಿಯಾಗಿ, ತೆಳುವಾಗಿ ಉಳಿಯುತ್ತದೆ. ಮೊಣಕಾಲು, ಮೊಣಕೈಯಂತಹ ಕೀಲುಗಳಲ್ಲಿ ಅದು ಮತ್ತೆ ಮತ್ತೆ ಸೀಳುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ನಂತರ ಅಲ್ಲಿಯೇ ಕ್ಯಾನ್ಸರ್ ಹುಟ್ಟಬಹುದು. ಇಂತಹ ಹುಣ್ಣನ್ನು 1828ರಲ್ಲಿ ವರ್ಣಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ ಹೆಸರಿನಿಂದಲೇ ಇದನ್ನು ಕರೆಯಲಾಗುತ್ತದೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಅಂಗಾಲಿನ ಹಳೆಯ ಹುಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ.

2. ಸೊಂಟದ ಬಿಗಿ ಗಂಟು: ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಅವರು 1945ರಲ್ಲಿ ಧೋತರದ ಬಿಗಿಯಿಂದ ಸೊಂಟದಲ್ಲಿ ಬರುವ ಚರ್ಮದ ಕ್ಯಾನ್ಸರನ್ನು ವರದಿ ಮಾಡಿದರು. ಬೆವರು, ಧೂಳು ಕೂಡಿದ ಬಟ್ಟೆಯ ಅಂಚು ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಉಜ್ಜಿದಾಗ ಮೊದಲು ಬಣ್ಣ ಬದಲಾಗಿ, ಚರ್ಮ ದಪ್ಪವಾಗಿ, ಕೊನೆಗೆ ಹುಣ್ಣಾಗುತ್ತದೆ. ಸೀರೆ ಉಡುವ ಹೆಣ್ಣುಮಕ್ಕಳಲ್ಲಿ ಲಂಗದ ಲಾಡಿಯಿಂದಲೂ ಇದೇ ಆಗುತ್ತದೆ. ಸಣ್ಣ ಲಾಡಿಯ ಬದಲು ಅಗಲವಾದ ಪಟ್ಟಿ ಹಚ್ಚುವುದು, ಸಡಿಲವಾಗಿ ಕಟ್ಟುವುದು, ಗಂಟಿನ ಜಾಗವನ್ನು ಬದಲಿಸುತ್ತಿರುವುದು ಖರ್ಚಿಲ್ಲದ ಉಪಾಯಗಳು.

3. ಅಂಗಾಲು, ಅಂಗೈ, ಉಗುರಿನ ಕಪ್ಪು ಮಚ್ಚೆ: ವರ್ಣಕೋಶಗಳಿಂದ ಹುಟ್ಟುವ ಮೆಲನೋಮಾ ಎಂಬ ಕ್ಯಾನ್ಸರ್ ಬಹಳ ಉಗ್ರವಾದುದು. ನಮ್ಮ ಜನರಲ್ಲಿ ಇದು ಬಿಸಿಲು ಬೀಳದ ಅಂಗಾಲಿನಲ್ಲಿ, ಉಗುರಿನ ಕೆಳಗೆ ಹೆಚ್ಚಾಗಿ ಕಾಣಿಸುತ್ತದೆ. ಮುಳ್ಳು ಚುಚ್ಚಿದ ಕಲೆಯೆಂದು ಬಿಡುವುದು ತಪ್ಪು.

4. ಕೆಳತುಟಿ: ಬಿಸಿಲು ಕೆಳತುಟಿಯ ಮೇಲೆ ನೇರವಾಗಿ ಬೀಳುತ್ತದೆ. ಜೊತೆಗೆ ಬೀಡಿ ಅಥವಾ ಸುಣ್ಣ ಬೆರೆಸಿದ ತಂಬಾಕು ಸೇರಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ತುಟಿ ಸದಾ ಒಡೆದು ಬಿಳಿ ಪೊರೆಯಾಗಿದ್ದರೆ ಪರೀಕ್ಷೆ ಮಾಡಿಸಬೇಕು.

5. ಕುಡಿಯುವ ನೀರಿನ ಆರ್ಸೆನಿಕ್: ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಮಂಗಳೂರು ಗ್ರಾಮದ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ, ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇರುವುದು ಕಂಡುಬಂದಿದ್ದು, ಅಲ್ಲಿಯ ಜನರ ಚರ್ಮದ ಮೇಲೆ ಅದರ ಲಕ್ಷಣಗಳು ಕಾಣಿಸಿಕೊಂಡವು. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದರೆ ಮೈಮೇಲೆ ಮಳೆಹನಿಯಂತಹ ಕಪ್ಪು ಬಿಳಿ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು ಏಳುತ್ತವೆ. ಮುಂದೆ ಚರ್ಮದ ಕ್ಯಾನ್ಸರಿಗೂ ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀರು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ಒಂದೇ ಬಾವಿಯ ನೀರು ಕುಡಿಯುವ ಹಲವರಲ್ಲಿ ಇಂತಹ ಗುರುತು ಕಂಡರೆ ಆ ನೀರನ್ನು ಪರೀಕ್ಷೆಗೆ ಕಳುಹಿಸಬೇಕು.

ಕಾಂಗ್ರೆಸ್ ಕಳೆ ಮತ್ತು ಬಿಸಿಲು

ಹೊಲದ ಬದು, ರಸ್ತೆಯ ಅಂಚುಗಳಲ್ಲಿ ಬೆಳೆಯುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಳೆಯು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಇಡೀ ದಖ್ಖಣಕ್ಕೆ ಹಬ್ಬಿತು. ಇದರಲ್ಲಿರುವ ಪಾರ್ಥೇನಿನ್ ಎಂಬ ವಸ್ತುವು ಗಾಳಿಯ ಮೂಲಕ ಮೈಗೆ ತಾಗಿ ಕೆಲವರಲ್ಲಿ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ, ಗಂಧೆ ಉಂಟುಮಾಡುತ್ತದೆ. ಹಲವು ವರ್ಷ ಹೀಗಾದ ಮೇಲೆ ಕೆಲವರ ಚರ್ಮ ಬಿಸಿಲನ್ನೇ ಸಹಿಸದಂತಾಗಿ, ಮುಖ ಕಪ್ಪಾಗಿ ದಪ್ಪಗಟ್ಟುತ್ತದೆ. ಇದು ಕ್ಯಾನ್ಸರ್ ಅಲ್ಲ, ಆದರೆ ರೈತನನ್ನು ಹೊಲದಿಂದಲೇ ದೂರ ಮಾಡುವಷ್ಟು ಕಠಿಣವಾದ ಬೇನೆ.

ಕಳೆಯನ್ನು ಹೂ ಬಿಡುವ ಮೊದಲು, ನೆಲ ಹಸಿಯಿದ್ದಾಗ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಈಗಾಗಲೇ ತುರಿಕೆ ಇರುವವರು ಈ ಕೆಲಸ ಮಾಡಬಾರದು. ಬೆಂಗಳೂರಿನಲ್ಲಿ 1984ರಲ್ಲಿ ಬಿಡುಗಡೆ ಮಾಡಿದ ಮೆಕ್ಸಿಕೋ ಮೂಲದ ದುಂಬಿಯು ಮಳೆಗಾಲದಲ್ಲಿ ಇದರ ಎಲೆ ತಿಂದು ಬರಿದು ಮಾಡುತ್ತದೆ. ಅದನ್ನು ಕಂಡಲ್ಲಿ ಕೊಲ್ಲಬಾರದು. ಪಡ ಬಿದ್ದ ಜಾಗದಲ್ಲಿ ತಗಚೆ ಜಾತಿಯ ಗಿಡಗಳನ್ನು ಬೆಳೆಸಿದರೂ ಕಳೆ ಹಿಮ್ಮೆಟ್ಟುತ್ತದೆ.

ಹೊಲದಲ್ಲಿ ರಕ್ಷಣೆ

ಕೆಲಸದ ವೇಳೆ: ಬಾಗಿ ಮಾಡುವ ಕೆಲಸಗಳನ್ನು ಬೆಳಗಿನ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ಇಟ್ಟುಕೊಳ್ಳುವುದು ಉತ್ತಮ. ನಡುಹಗಲಿಗೆ ಕಾಳು ಹಸನು ಮಾಡುವುದು, ಚೀಲ ಹೊಲಿಯುವುದು ಮುಂತಾದ ನೆರಳಿನ ಕೆಲಸಗಳನ್ನು ಇಡಬೇಕು. ಕೂಲಿಯವರ ವೇಳೆಯನ್ನು ಹೀಗೆ ಬದಲಿಸುವುದು ಮಾಲೀಕರ ಕೈಯಲ್ಲಿದೆ. ಸೋಯಾವನ್ನು 30 ಸೆಂ.ಮೀ. ಅಂತರದ ನೇರ ಸಾಲಿನಲ್ಲಿ ಬಿತ್ತಿ ಸಕಾಲಕ್ಕೆ ಎಡೆ ಹೊಡೆದರೆ ಕೈಕಳೆಯ ದಿನಗಳು ಕಡಿಮೆಯಾಗಿ, ಬಿಸಿಲಿನಲ್ಲಿ ಬಾಗಿರುವ ಹೊತ್ತೂ ಕಡಿಮೆಯಾಗುತ್ತದೆ. ಬದುವಿನ ಮೇಲೆ ಬೇವಿನಂತಹ ಮರವಿದ್ದರೆ ಊಟ, ವಿಶ್ರಾಂತಿಗೆ ನೆರಳು ದೊರೆಯುತ್ತದೆ.

ಉಡುಪು: ಬಟ್ಟೆಯೇ ಎಲ್ಲಕ್ಕಿಂತ ಅಗ್ಗದ, ಉತ್ತಮ ಔಷಧ. ರುಮಾಲು ನೆತ್ತಿಯನ್ನು ಕಾಯುತ್ತದೆ, ಆದರೆ ಮೂಗು, ಕಿವಿ, ಕತ್ತಿನ ಹಿಂಭಾಗ ಬಯಲಿಗೇ ಉಳಿಯುತ್ತವೆ. ರುಮಾಲಿನ ಸೆರಗನ್ನು ಕತ್ತಿನ ಮೇಲೆ ಇಳಿಬಿಡಬೇಕು ಅಥವಾ ಸುತ್ತಲೂ ಅಗಲ ಅಂಚಿರುವ ಟೊಪ್ಪಿಗೆ ಹಾಕಬೇಕು. ಕಳೆ ತೆಗೆಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವ ರೂಢಿ ತುಂಬ ಒಳ್ಳೆಯದು. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಾಗ ಬೆಳಕು ತೂರಿ ಬಂದರೆ ಕಿರಣಗಳೂ ತೂರುತ್ತವೆ. ಒದ್ದೆಯಾದ ಹತ್ತಿಬಟ್ಟೆ ಒಣಬಟ್ಟೆಗಿಂತ ಕಡಿಮೆ ರಕ್ಷಣೆ ಕೊಡುತ್ತದೆ.

ಮುಲಾಮು: ಬಟ್ಟೆಯಿಂದ ಮುಚ್ಚಲಾಗದ ಮುಖ, ತುಟಿ, ಕೈಗಳಿಗೆ ಎಸ್.ಪಿ.ಎಫ್. 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬಹುದು. ಎರಡು ತಾಸಿಗೊಮ್ಮೆ, ಬೆವರು ಹರಿದಾಗ ಇನ್ನೂ ಬೇಗ, ಮತ್ತೆ ಹಚ್ಚಬೇಕು. ಅರಿಸಿನ, ಕೊಬ್ಬರಿ ಎಣ್ಣೆಗಳನ್ನು ಈ ರಕ್ಷಣೆಗೆ ನೆಚ್ಚಬಾರದು. ಮುಖದ ಬಂಗಿಗೆಂದು ಸ್ಟೆರಾಯ್ಡ್ ಇರುವ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚುವುದರಿಂದ ಚರ್ಮ ತೆಳುವಾಗಿ ಬಿಸಿಲಿನ ಹಾನಿ ಹೆಚ್ಚುತ್ತದೆ. ಇಂತಹ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರವು 2018ರಲ್ಲಿ ನಿಯಮ ಮಾಡಿದೆ.

ಬಿಸಿಲಿಗೆ ಚರ್ಮ ಸುಟ್ಟಾಗ: ನೆರಳಿಗೆ ಬಂದು, ತಣ್ಣೀರಿನ ಬಟ್ಟೆ ಹಾಕಿ, ಸಾಕಷ್ಟು ನೀರು ಕುಡಿಯಬೇಕು. ಬೊಕ್ಕೆ ಒಡೆಯಬಾರದು. ಸಗಣಿ, ಮಣ್ಣು, ಟೂತ್‌ಪೇಸ್ಟ್ ಮೆತ್ತಬಾರದು. ಬೊಕ್ಕೆ ಹೆಚ್ಚಾಗಿದ್ದು ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು.

ಯಾವಾಗ ವೈದ್ಯರಿಗೆ ತೋರಿಸಬೇಕು?

* ನಾಲ್ಕು ವಾರವಾದರೂ ಮಾಯದ ಯಾವುದೇ ಹುಣ್ಣು.
* ಹಳೆಯ ಸುಟ್ಟ ಕಲೆಯಲ್ಲಿ ಹೊಸದಾಗಿ ಗಂಟು, ಅಂಚು ಎದ್ದ ಹುಣ್ಣು, ದುರ್ವಾಸನೆ ಅಥವಾ ರಕ್ತ.
* ಮೂಗು, ಕಣ್ಣಿನ ಬಳಿ ಹೊಳಪುಳ್ಳ ಕಪ್ಪು ಗುಳ್ಳೆ ನಿಧಾನವಾಗಿ ಬೆಳೆದು ನಡುವೆ ಹುಣ್ಣಾಗುವುದು.
* ಮಚ್ಚೆಯ ಎರಡು ಅರ್ಧಗಳು ಒಂದೇ ತರಹ ಇಲ್ಲದಿರುವುದು, ಅಂಚು ಕದಡುವುದು, ಬಣ್ಣ ಹಲವಾಗುವುದು, ತೊಗರಿ ಕಾಳಿಗಿಂತ ದೊಡ್ಡದಾಗುವುದು.
* ಒಂದೇ ಉಗುರಿನಲ್ಲಿ ಕಪ್ಪು ಪಟ್ಟಿ ಅಗಲವಾಗುತ್ತ ಹೋಗುವುದು.

ಚಿಕಿತ್ಸೆ

ಮೊದಲು ಹುಣ್ಣಿನ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಕಬ್ಬಿಣ ತಗಲಿದರೆ ರೋಗ ಹರಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿದೆ. ಇದು ತಪ್ಪು ತಿಳಿವಳಿಕೆ. ಈ ಅಂಜಿಕೆಯಿಂದ ಪರೀಕ್ಷೆ ತಡವಾಗುವುದೇ ರೋಗ ಹರಡಲು ಕಾರಣ. ಬೇಗ ಗುರುತಿಸಿದ ಚರ್ಮದ ಕ್ಯಾನ್ಸರ್ ಬಹುಪಾಲು ಸುತ್ತಲಿನ ಕೊಂಚ ಒಳ್ಳೆಯ ಚರ್ಮದೊಡನೆ ಕತ್ತರಿಸಿ ತೆಗೆದರೆ ಗುಣವಾಗುತ್ತದೆ. ಅಗತ್ಯವಿದ್ದಲ್ಲಿ ಚರ್ಮ ಕಸಿ ಮಾಡುತ್ತಾರೆ. ಕೆಲವರಿಗೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ರೋಗ ಬಲಿತು ತೊಡೆಸಂದು, ಕಂಕುಳ, ಕುತ್ತಿಗೆಯ ಗಂಟುಗಳಿಗೆ ಇಳಿದರೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಒಮ್ಮೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ. ನಾಟಿ ಔಷಧದ ಲೇಪ, ಸುಡುವ ಬರೆ ಇವುಗಳಿಂದ ಕಳೆಯುವ ತಿಂಗಳುಗಳೇ ಕಾಲು ಉಳಿಯುವುದು ಅಥವಾ ಹೋಗುವುದನ್ನು ನಿರ್ಧರಿಸುತ್ತವೆ.

ಡಾಬಕಾ ಭಾಗದವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಔರಾದಿನ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖೆ ಇದೆ. 1973ರಲ್ಲಿ ಆರಂಭವಾದ ಮುಖ್ಯ ಸಂಸ್ಥೆ ಬೆಂಗಳೂರಿನಲ್ಲಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಪಡಿತರ ಚೀಟಿ, ಆಧಾರ್ ಕಾರ್ಡು ಜೊತೆಗಿರಲಿ, ಮೇಲಿನ ಆಸ್ಪತ್ರೆಗೆ ಹೋಗುವಾಗ ಸರಕಾರಿ ವೈದ್ಯರ ಶಿಫಾರಸು ಪತ್ರವನ್ನೂ ತೆಗೆದುಕೊಂಡು ಹೋಗಬೇಕು.

ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವ, ರೈತರ ಸಭೆಗಳಲ್ಲಿ ಪೀಡೆ ಹತೋಟಿಯ ಜೊತೆಗೆ ಈ ವಿಷಯವನ್ನೂ ತಿಳಿಸಿ, ಹಳೆಯ ಸುಟ್ಟ ಕಲೆ, ಅಂಗಾಲಿನ ಹುಣ್ಣು ಇರುವವರನ್ನು ಆಸ್ಪತ್ರೆಗೆ ಕಳುಹಿಸಬೇಕು. ತಿಂಗಳಿಗೊಮ್ಮೆ ಸ್ನಾನದ ವೇಳೆ ಅಂಗಾಲಿನಿಂದ ನೆತ್ತಿಯವರೆಗೆ ಮೈ ನೋಡಿಕೊಳ್ಳುವುದು, ಬೆನ್ನನ್ನು ಮನೆಯವರಿಂದ ನೋಡಿಸುವುದು ಪ್ರತಿ ರೈತ ಕುಟುಂಬದ ರೂಢಿಯಾಗಬೇಕು. ಇದಕ್ಕೆ ಹಿಡಿಯುವುದು ಹತ್ತು ನಿಮಿಷ. ಇದರಿಂದ ಉಳಿಯುವುದು ಒಂದು ಕಾಲು, ಒಂದು ಕಣ್ಣು ಅಥವಾ ಒಂದು ಜೀವ.