ಸುಟ್ಟ ಊರಿನ ಒಲೆಗಳು

ಶ್ರೀರಂಗಪಟ್ಟಣಕ್ಕೆ ಹೋದವರಿಗೆ ಕಾವೇರಿಯ ಮಗ್ಗುಲಲ್ಲಿ ಕೋಟೆಗೋಡೆ ಒಡೆದ ಜಾಗವನ್ನು ಈಗಲೂ ತೋರಿಸುತ್ತಾರೆ. 1799ರ ಮೇ 4ರಂದು, ಬೇಸಿಗೆಗೆ ಹೊಳೆ ಇಳಿದಿದ್ದಾಗ, ಇಂಗ್ಲಿಷರ ಪಡೆ ನೀರು ದಾಟಿ ಆ ಕಂಡಿಯಿಂದ ಒಳಗೆ ನುಗ್ಗಿತು. ಟಿಪ್ಪು ಮಡಿದ, ಪಟ್ಟಣ ಲೂಟಿಯಾಯಿತು. ಆಮೇಲೆ ಪಟ್ಟಣದ ಉಸ್ತುವಾರಿಗೆ ನಿಂತವನು ಆರ್ಥರ್ ವೆಲ್ಲೆಸ್ಲಿ. ಹದಿನಾಲ್ಕು ವರ್ಷಗಳ ನಂತರ ಅದೇ ಮನುಷ್ಯ, ಈಗ ವೆಲ್ಲಿಂಗ್ಟನ್ ಎಂಬ ಹೆಸರಿನಲ್ಲಿ, ಸ್ಪೇನಿನ ಉತ್ತರದ ಕಡಲಂಚಿನಲ್ಲಿ ನೆಪೋಲಿಯನ್ನನ ಸೈನ್ಯದ ಮೇಲೆ ಯುದ್ಧ ನಡೆಸುತ್ತಿದ್ದ. ಅಲ್ಲೂ ಒಂದು ಕೋಟೆ, ಪಕ್ಕದಲ್ಲಿ ಒಂದು ಹೊಳೆ. ಹೊಳೆಯ ಹೆಸರು ಉರುಮೆಯಾ, ಊರಿನ ಹೆಸರು ಸಾನ್ ಸೆಬಾಸ್ಟಿಯನ್. ಬಾಸ್ಕ್ ಜನರ ಬಾಯಲ್ಲಿ ಅದು ದೊನೊಸ್ತಿಯಾ. 1813ರ ಆಗಸ್ಟ್ 31ರಂದು, ಕಡಲು ಇಳಿದ ಹೊತ್ತು ನೋಡಿಕೊಂಡು, ಬ್ರಿಟಿಷ್ ಮತ್ತು ಪೋರ್ಚುಗೀಸ್ ಸೈನಿಕರು ಹೊಳೆಯ ಪಾತ್ರದಲ್ಲೇ ನಡೆದು ಗೋಡೆಯ ಕಂಡಿಗೆ ಬಂದರು. ಆ ದಿನದ ದಾಳಿಯ ಹೊಣೆ ಜನರಲ್ ಗ್ರಹಾಂನದು, ಸೇನೆ ವೆಲ್ಲಿಂಗ್ಟನ್ನನದು. ಫ್ರೆಂಚರ ಕೈಯಿಂದ ಬಿಡಿಸಲು ಬಂದವರೇ ಊರನ್ನು ದೋಚಿದರು. ಬೆಂಕಿ ದಿನಗಟ್ಟಲೆ ಉರಿಯಿತು. ಕೋಟೆಯೊಳಗಿನ ನೂರಾರು ಮನೆಗಳಲ್ಲಿ ಉಳಿದದ್ದು ಎರಡು ಚರ್ಚುಗಳ ನಡುವಿನ ಒಂದೇ ಬೀದಿಯ ಕೆಲವು ಮನೆಗಳು.

ಆ ಬೀದಿಯ ಹೆಸರು ಈಗ 'ಆಗಸ್ಟ್ 31ರ ಬೀದಿ'. ಗೋಡೆ ಒಡೆದ ಜಾಗದಲ್ಲಿ ಒಂದು ಮಾರುಕಟ್ಟೆ ಎದ್ದಿತು. ಅದರ ಹೆಸರು 'ಲಾ ಬ್ರೆಚಾ', ಅಂದರೆ ಕಂಡಿ. ಊರಿನ ಅತಿ ದೊಡ್ಡ ಗಾಯಕ್ಕೆ ಮೀನು, ಸೊಪ್ಪು, ಮೆಣಸಿನಕಾಯಿ ಕೊಳ್ಳುವ ಜಾಗದ ಹೆಸರಾಗುವ ಭಾಗ್ಯ ಸಿಕ್ಕಿದೆ. ಆ ಊರಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಉಳಿಯಬೇಕು ಎಂದು ಕೇಳುವವರಿಗೆ ನಾನು ಮೊದಲು ಈ ಎರಡು ಹೆಸರುಗಳನ್ನು ಹೇಳುತ್ತೇನೆ. ಸುಮಾರು 1.88 ಲಕ್ಷ ಜನರ ಊರು ಜಗತ್ತಿನ ಊಟದ ರಾಜಧಾನಿಗಳ ಸಾಲಿಗೆ ಬಂದದ್ದು ಹೇಗೆ ಎಂಬುದರ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ದಾಳಿ ನಡೆದ ಸುಮಾರು ಒಂದು ವಾರಕ್ಕೆ, ಸೆಪ್ಟೆಂಬರ್ 8ರಂದು, ಊರ ಹಿರಿಯರು ಹತ್ತಿರದ ಸುಬಿಯೆತಾ ಹಳ್ಳಿಯ ಒಂದು ಮನೆಯಲ್ಲಿ ಸೇರಿದರು. ಬಿಟ್ಟು ಹೋಗುವುದೋ, ಮತ್ತೆ ಕಟ್ಟುವುದೋ? ಕಟ್ಟುವುದೆಂದು ತೀರ್ಮಾನಿಸಿದರು. ಹಾಗೆ ಎದ್ದ ಹೊಸ ಊರಿನ ನಡುವೆ ಕಮಾನುಗಳ ಒಂದು ಚೌಕವಿದೆ, ಕಾನ್‌ಸ್ಟಿಟ್ಯೂಷನ್ ಚೌಕ. ಸುತ್ತಲಿನ ಮನೆಗಳ ಬಾಲ್ಕನಿಗಳ ಮೇಲೆ ಅಂಕಿಗಳನ್ನು ಬರೆದಿದ್ದಾರೆ. ಒಂದು ಕಾಲಕ್ಕೆ ಇಲ್ಲಿ ಗೂಳಿ ಕಾಳಗ ನಡೆಯುತ್ತಿತ್ತು, ಆ ಬಾಲ್ಕನಿಗಳೇ ಪ್ರೇಕ್ಷಕರ ಆಸನಗಳಾಗಿದ್ದವು. ಕಾಳಗ ನಿಂತು ಎಷ್ಟೋ ಕಾಲವಾದರೂ ಅಂಕಿಗಳನ್ನು ಯಾರೂ ಅಳಿಸಿಲ್ಲ.

ಇಷ್ಟಾದರೂ ಊರು ಇನ್ನೂ ಗೋಡೆಯೊಳಗೇ ಇತ್ತು. ಗೋಡೆಯನ್ನು ಉರುಳಿಸಿದ್ದು ಒಂದು ಚರ್ಮರೋಗ ಎಂದರೆ ಅತಿಶಯವಲ್ಲ. ರಾಣಿ ಎರಡನೆಯ ಇಸಾಬೆಲ್‌ಗೆ ವೈದ್ಯರು ಸಮುದ್ರಸ್ನಾನ ಹೇಳಿದರು. 1845ರಲ್ಲಿ ಆಕೆ ಲಾ ಕೊಂಚಾ ತೀರಕ್ಕೆ ಬಂದಳು. ಕೊಂಚಾ ಎಂದರೆ ಚಿಪ್ಪು. ಆಚೆಗೊಂದು ಗುಡ್ಡ, ಈಚೆಗೊಂದು ಗುಡ್ಡ, ಬಾಯಿಗೆ ಒಂದು ಪುಟ್ಟ ದ್ವೀಪ, ನಡುವೆ ಚಿಪ್ಪಿನ ಹಾಗೆ ಬಾಗಿದ ಮರಳು. ರಾಣಿ ಬಂದಲ್ಲಿಗೆ ಆಸ್ಥಾನವೂ ಬಂತು, ಆಸ್ಥಾನದ ಹಿಂದೆ ಹಣವೂ ಬಂತು. 1863ರಲ್ಲಿ ಗೋಡೆ ಕೆಡವಲು ಶುರುಮಾಡಿದರು. ಮರುವರ್ಷ ಮ್ಯಾಡ್ರಿಡ್‌ನಿಂದ ಫ್ರಾನ್ಸ್ ಗಡಿಯವರೆಗಿನ ರೈಲು ಊರನ್ನು ಹಾದುಹೋಯಿತು. ಗೋಡೆಯ ಆಚೆಗೆ ವಾಸ್ತುಶಿಲ್ಪಿ ಅಂತೋನಿಯೊ ಕೊರ್ತಾಸರ್‌ನ ನಕ್ಷೆಯಂತೆ ನೇರ ಬೀದಿಗಳ ಹೊಸ ಬಡಾವಣೆ ಬೆಳೆಯಿತು.

ಆಮೇಲೆ ಬಂದವಳು ರಾಜಮಾತೆ ಮರಿಯಾ ಕ್ರಿಸ್ತಿನಾ. 1887ರಿಂದ ವರ್ಷ ವರ್ಷವೂ ಬೇಸಿಗೆಗೆ ಇಲ್ಲಿಗೇ ಬಂದಳು. 1893ರ ಹೊತ್ತಿಗೆ ಕೊಲ್ಲಿಯ ಮೇಲಿನ ದಿಣ್ಣೆಯಲ್ಲಿ ಮಿರಾಮಾರ್ ಅರಮನೆ ಸಿದ್ಧವಾಯಿತು. ಆಕೆಯ ಹೆಸರಿನ ಹೋಟೆಲು 1912ರಲ್ಲಿ ಬಾಗಿಲು ತೆರೆಯಿತು. ನಕ್ಷೆ ಹಾಕಿದವನು ಪ್ಯಾರಿಸ್ಸಿನ ರಿಟ್ಜ್ ಹೋಟೆಲನ್ನು ರೂಪಿಸಿದ ಶಾರ್ಲ್ ಮೆವೆಸ್. ಅದೇ ವರ್ಷ ಪಕ್ಕದಲ್ಲಿ ವಿಕ್ಟೋರಿಯಾ ಎವುಹೆನಿಯಾ ನಾಟಕಶಾಲೆ, ಆಚೆ ಇಗೆಲ್ದೊ ಗುಡ್ಡ ಹತ್ತುವ ಉಕ್ಕಿನ ಹಗ್ಗ ಎಳೆಯುವ ಪುಟ್ಟ ರೈಲು. ಮೊದಲ ಮಹಾಯುದ್ಧದಲ್ಲಿ ಸ್ಪೇನ್ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಯುರೋಪಿನ ಹಣವಂತರು ಹೊತ್ತು ಕಳೆಯಲು ಇಲ್ಲಿನ ಕ್ಯಾಸಿನೊಗೆ ಬಂದರು. 1924ರಲ್ಲಿ ಜೂಜು ನಿಷೇಧವಾಯಿತು, ಆ ವೈಭವ ಅಲ್ಲಿಗೆ ಇಳಿಯಿತು. ಆ ಕ್ಯಾಸಿನೊ ಕಟ್ಟಡದಲ್ಲಿ ಇಂದು ನಗರಸಭೆ ಇದೆ. ಹೋಟೆಲು ಮಾತ್ರ ಹಾಗೇ ನಿಂತಿದೆ. 1953ರಲ್ಲಿ ಶುರುವಾದ ಚಿತ್ರೋತ್ಸವಕ್ಕೆ ಬರುವ ನಟನಟಿಯರು ಉಳಿಯುವುದು ಅಲ್ಲೇ. ಹಿಚ್‌ಕಾಕ್ 1958ರಲ್ಲಿ 'ವರ್ಟಿಗೊ' ತಂದದ್ದು ಇದೇ ಉತ್ಸವಕ್ಕೆ.

ರಾಣಿಯರ ಕಥೆ ಕೇಳಿ, ಊಟದ ಖ್ಯಾತಿಯೂ ಅರಮನೆಯಿಂದಲೇ ಬಂತೆಂದು ನಂಬುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅರಮನೆ ಕೊಟ್ಟದ್ದು ಗಿರಾಕಿಯನ್ನು. ರುಚಿ ಬೆಳೆದದ್ದು ಕೆಳಗಿನ ಬೀದಿಯಲ್ಲಿ, ಬಾಗಿಲು ಹಾಕಿಕೊಂಡ ಒಂದು ಬಗೆಯ ಅಡುಗೆಮನೆಗಳಲ್ಲಿ. ಅವಕ್ಕೆ ಊಟದ ಸಂಘ ಎನ್ನಬಹುದು; ಬಾಸ್ಕ್ ನಾಡಿನಲ್ಲಿ 'ಚೋಕೊ' ಎಂದೂ ಕರೆಯುತ್ತಾರೆ, ಮೂಲೆ ಎಂಬ ಅರ್ಥದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲೇ ಅವು ಹುಟ್ಟಿಕೊಂಡವು. ಉನಿಯೋನ್ ಆರ್ತೆಸಾನಾ 1870ರದು, ಹೆಸರೇ ಹೇಳುವಂತೆ ಕುಶಲಕರ್ಮಿಗಳ ಕೂಟ. ಸದಸ್ಯನ ಬಳಿ ಒಂದು ಕೀಲಿಕೈ ಇರುತ್ತದೆ. ಬೆಳಿಗ್ಗೆ ಪೇಟೆಗೆ ಹೋಗಿ ಮೀನು ಆರಿಸಿ ತರುತ್ತಾನೆ, ಸಂಘದ ಒಲೆಯ ಮುಂದೆ ನಿಂತು ಗೆಳೆಯರಿಗೆ ಬೇಯಿಸಿ ಹಾಕುತ್ತಾನೆ. ಕೊನೆಗೆ ತಾನು ಬಳಸಿದ ಎಣ್ಣೆ, ತೆಗೆದ ವೈನ್ ಬಾಟಲಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ಹಣವನ್ನು ಡಬ್ಬಿಗೆ ಹಾಕಿ ಹೋಗುತ್ತಾನೆ. ಲೆಕ್ಕ ಕೇಳುವವರು ಯಾರೂ ಇಲ್ಲ. ಬಡಗಿಯ ಮಗ್ಗುಲಲ್ಲಿ ವಕೀಲ ಕೂತು ಉಣ್ಣುವ ಜಾಗ ಅದು. ಸರ್ವಾಧಿಕಾರಿ ಫ್ರಾಂಕೊನ ಆಡಳಿತದಲ್ಲಿ ಬಾಸ್ಕ್ ಭಾಷೆಯನ್ನು ಬೀದಿಯಲ್ಲಿ ಆಡಲು ಹೆದರಬೇಕಾಗಿದ್ದ ವರ್ಷಗಳಲ್ಲಿ, ಈ ಮುಚ್ಚಿದ ಬಾಗಿಲುಗಳ ಹಿಂದೆ ಆ ಭಾಷೆಯ ಹಾಡುಗಳು ಉಳಿದವು.

ಒಂದು ಮಾತನ್ನು ನುಂಗಿಕೊಂಡು ಮುಂದೆ ಹೋಗಲು ನನಗಾಗದು. ಈ ಸಂಘಗಳು ಬಹುಕಾಲ ಹೆಣ್ಣುಮಕ್ಕಳನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಗಂಡಸರು ಸಂಘದಲ್ಲಿ ಹೆಮ್ಮೆಯಿಂದ ಬೇಯಿಸಿದ ಬಕಲಾವೊ, ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನ ಅಡುಗೆ, ಅವರ ತಾಯಂದಿರ ಕೈಯದೇ. ಈಗ ಹಲವು ಸಂಘಗಳ ನಿಯಮ ಸಡಿಲವಾಗಿದೆ. ಆದರೂ ಈ ಊರಿನ ರುಚಿಯ ಇತಿಹಾಸ ಬರೆಯುವಾಗ ಆ ತಾಯಂದಿರನ್ನು ಮೊದಲ ಸಾಲಿಗೆ ತರಬೇಕು.

ಸಂಘದ ಕೀಲಿಕೈ ಇಲ್ಲದವರಿಗೆ ಬೀದಿಯ ಬಾರು ಇದೆ. ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ ತುತ್ತುಗಳಿಗೆ 'ಪಿಂಚೊ' ಎಂದು ಹೆಸರು. ಚುಚ್ಚು ಎಂಬ ಸ್ಪ್ಯಾನಿಷ್ ಮಾತಿನಿಂದ ಬಂದದ್ದು, ತುತ್ತು ಬೀಳದಂತೆ ಚುಚ್ಚುವ ಕಡ್ಡಿಯೇ ಅದರ ಗುರುತು. ಎಲ್ಲಕ್ಕಿಂತ ಹೆಸರಾದ ಪಿಂಚೊ ಹುಟ್ಟಿದ್ದು 1940ರ ದಶಕದಲ್ಲಿ, ಹೊಸ ಬಡಾವಣೆಯ ಕಾಸಾ ವಯೆಸ್ ಎಂಬ ವೈನ್ ಅಂಗಡಿಯಲ್ಲಿ. ಕುಡಿಯಲು ಬಂದವರ ಮುಂದೆ ಆಲಿವ್ ಕಾಯಿ, ಇಬಾರ್ರಾ ಊರಿನ ವಿನೆಗರಿನಲ್ಲಿಟ್ಟ ಹಸಿಮೆಣಸು, ಆಂಚೋವಿ ಮೀನು ಬೇರೆ ಬೇರೆಯಾಗಿ ಇಡುತ್ತಿದ್ದರು. ದಿನಾ ಬರುವ ಗಿರಾಕಿಯೊಬ್ಬ ಮೂರನ್ನೂ ಒಂದೇ ಕಡ್ಡಿಗೆ ಪೋಣಿಸಿದನಂತೆ. ಆಗಷ್ಟೇ ರೀಟಾ ಹೇವರ್ತಳ 'ಗಿಲ್ಡಾ' ಸಿನಿಮಾ ಬಂದಿತ್ತು, 1946ರದು. ಹಸಿರು, ಉಪ್ಪು, ಸ್ವಲ್ಪ ಖಾರ: ಆ ನಾಯಕಿಯ ಹಾಗೇ ಇದೆ ಎಂದು ತುತ್ತಿಗೆ ಅವಳ ಹೆಸರಿಟ್ಟರು. ಒಲೆ ಹಚ್ಚದೆ ಮಾಡಿದ ಈ ಮೂರು ಪದಾರ್ಥಗಳ ತುತ್ತು ಇಂದು ಊರಿನ ಬಹುತೇಕ ಬಾರುಗಳಲ್ಲಿ ಇದೆ. ಅದನ್ನು ತನ್ನದೆಂದು ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ದೊನೊಸ್ತಿಯಾದ ಅಡುಗೆ ಬೆಳೆದದ್ದು ಗುಟ್ಟು ಬಿಟ್ಟುಕೊಟ್ಟದ್ದರಿಂದ. ಫ್ರಾಂಕೊ 1975ರ ನವೆಂಬರಿನಲ್ಲಿ ಸತ್ತ. ಮರುವರ್ಷ ಮ್ಯಾಡ್ರಿಡ್‌ನಲ್ಲಿ ನಡೆದ ಒಂದು ಊಟದ ಸಮಾವೇಶದಲ್ಲಿ ಫ್ರಾನ್ಸಿನ ಪಾಲ್ ಬೊಕ್ಯೂಸ್ ಹೊಸ ಅಡುಗೆಯ ಮಾತಾಡಿದ. ಕೇಳಿಸಿಕೊಂಡವರಲ್ಲಿ ಇಬ್ಬರು ದೊನೊಸ್ತಿಯಾದ ತರುಣರು, ಹುವಾನ್ ಮಾರಿ ಅರ್ಸಾಕ್ ಮತ್ತು ಪೆದ್ರೊ ಸುಬಿಹಾನಾ. ಇಬ್ಬರೂ ಲಿಯೋನ್‌ಗೆ ಹೋಗಿ ಬೊಕ್ಯೂಸ್‌ನ ಅಡುಗೆಮನೆಯಲ್ಲಿ ನಿಂತು ನೋಡಿ ಬಂದರು. ಬಂದವರು ತಮ್ಮ ತಮ್ಮ ಹೋಟೆಲಿಗಷ್ಟೇ ಅದನ್ನು ಇಟ್ಟುಕೊಳ್ಳಲಿಲ್ಲ. ಸುತ್ತಲಿನ ಹತ್ತಾರು ಅಡುಗೆಯವರನ್ನು ಸೇರಿಸಿ, ಸರದಿಯ ಮೇಲೆ ಒಬ್ಬೊಬ್ಬರ ಹೋಟೆಲಿನಲ್ಲಿ ಊಟವಿಟ್ಟು, ಮರೆತ ಹಳ್ಳಿ ಅಡುಗೆಗಳನ್ನು ಹುಡುಕಿ, ಕೆಟ್ಟ ಅಭ್ಯಾಸಗಳನ್ನು ತಿದ್ದಿ, ಕಲಿತದ್ದನ್ನು ಎಲ್ಲರ ಮುಂದಿಟ್ಟರು. ಹೊಸ ಬಾಸ್ಕ್ ಅಡುಗೆ ಎಂಬ ಹೆಸರು ಬಂದದ್ದು ಆಗ. ಇವರಿಗೆ ಮುಂಚೆಯೇ ಲುಯಿಸ್ ಇರಿಸಾರ್ ಎಂಬ ಮೇಷ್ಟ್ರು ಸರಾವುತ್ಸಿನಲ್ಲಿ ಅಡುಗೆ ಶಾಲೆ ನಡೆಸಿ ನೆಲ ಹದ ಮಾಡಿದ್ದರು, ಸುಬಿಹಾನಾ ಅವರ ಶಿಷ್ಯ.

ಅರ್ಸಾಕ್ ಮನೆ 1897ರಲ್ಲಿ ಕಟ್ಟಿದ್ದು, ಆಗ ಅದು ಹಳ್ಳಿದಾರಿಯ ಹೆಂಡದಂಗಡಿ. ಹುವಾನ್ ಮಾರಿಗೆ ಒಂಬತ್ತು ವರ್ಷವಾದಾಗ ತಂದೆ ತೀರಿಕೊಂಡರು. ಆ ಮನೆಯ ಊಟಕ್ಕೆ ಹೆಸರು ತಂದವರು ತಾಯಿ ಪಾಕಿತಾ ಅರ್ರಾತಿಬೆಲ್. ಮಗ 1989ರಲ್ಲಿ ಮಿಶೆಲಿನ್‌ನ ಮೂರು ನಕ್ಷತ್ರ ಪಡೆದ. ಈಗ ಒಲೆಯ ಮುಂದಾಳತ್ವ ಮೊಮ್ಮಗಳು ಎಲೆನಾ ಅವರದು. ಸುಬಿಹಾನಾರ ಅಕೆಲಾರ್ರೆ ಮತ್ತು ಪಕ್ಕದ ಲಸಾರ್ತೆಯಲ್ಲಿ ಮಾರ್ತಿನ್ ಬೆರಸಾತೆಗಿಯ ಹೋಟೆಲು ಸಹ ಮೂರು ನಕ್ಷತ್ರದವು. ಇವು ತಿಂಗಳುಗಟ್ಟಲೆ ಮುಂಚೆ ಜಾಗ ಕಾದಿರಿಸಬೇಕಾದ, ಜೇಬು ಗಟ್ಟಿಯಿರಬೇಕಾದ ಊಟ. ಅದು ಸಿಗದಿದ್ದರೆ ಬೇಸರ ಬೇಡ. ಅದೇ ಅಡುಗೆಮನೆಗಳಲ್ಲಿ ಪಳಗಿದ ಕೈಗಳು, ಒಂದು ಕಾಲಕ್ಕೆ ಗೋಡೆಯೊಳಗಿದ್ದ ಹಳೇ ಊರಿನ ಬಾರುಗಳ ಹಿಂದೆಯೂ ಇವೆ.

ಹಳೇ ಊರಿನಲ್ಲಿ ಉಣ್ಣುವ ಕ್ರಮ ತಿಳಿದಿರಲಿ. ಒಂದೇ ಕಡೆ ಕೂತು ತಟ್ಟೆ ತುಂಬಿಸಿಕೊಳ್ಳುವಂತಿಲ್ಲ. ಒಂದು ಬಾರಿನಲ್ಲಿ ಒಂದೋ ಎರಡೋ ತುತ್ತು, ಒಂದು ಪುಟ್ಟ ಲೋಟ, ಆಮೇಲೆ ಮುಂದಿನ ಬಾಗಿಲು. ಲೋಟದಲ್ಲಿ ಗೆತಾರಿಯಾ ಕಡೆಯ ಚಕೋಲಿ ಎಂಬ ಹುಳಿವೈನ್, ನಮ್ಮಲ್ಲಿ ಕಾಫಿಯನ್ನು ಎತ್ತಿ ಹೊಯ್ಯುವ ಹಾಗೆ ಮೇಲಿನಿಂದ ಸುರಿದು ಕೊಡುತ್ತಾರೆ. ಕಟ್ಟೆಯ ಮೇಲಿನದು ಕಣ್ಣಿಗೆ ಚಂದ, ಆದರೆ ಹಲಗೆಯ ಮೇಲೆ ಬರೆದ ಬಿಸಿ ಪಿಂಚೊಗಳನ್ನು ಕೇಳಿ ಪಡೆಯಿರಿ. ಗನ್ಬಾರಾ ಬಾರಿನಲ್ಲಿ ಕಾಡು ಅಣಬೆಯನ್ನು ಹುರಿದು ನಡುವೆ ಹಸಿ ಮೊಟ್ಟೆಯ ಹಳದಿ ಇಟ್ಟು ಕೊಡುತ್ತಾರೆ. ಚೆಪೆಚಾದಲ್ಲಿ ಆಂಚೋವಿಯೇ ಸರ್ವಸ್ವ. ನೆಸ್ತೋರ್ ಬಾರಿನ ತೋರ್ತಿಯಾ, ಅಂದರೆ ಆಲೂಗಡ್ಡೆಯ ದಪ್ಪ ಆಮ್ಲೆಟ್, ದಿನಕ್ಕೆ ಎರಡೇ ಸಲ ಒಲೆಯಿಂದ ಇಳಿಯುತ್ತದೆ, ಮುಂಚೆ ಹೋಗಿ ಹೆಸರು ಬರೆಸಿದವರಿಗಷ್ಟೇ ತುಂಡು. ಮಾಂಸ, ಮೀನು ತಿನ್ನದವರು ಉಪವಾಸ ಬೀಳಬೇಕಿಲ್ಲ: ಎಣ್ಣೆಯಲ್ಲಿ ಬಾಡಿಸಿದ ಗೆರ್ನಿಕಾ ಮೆಣಸು, ಬೇಸಿಗೆಯ ಟೊಮೆಟೊ, ಮೊಟ್ಟೆ ತಿನ್ನುವವರಿಗೆ ತೋರ್ತಿಯಾ. ಕುರಿಹಾಲಿನ ಇಡಿಯಾಸಬಲ್ ಚೀಸ್ ರುಚಿಯೇನೋ ಹೌದು, ಆದರೆ ಅದನ್ನು ಹೆಪ್ಪುಗಟ್ಟಿಸುವುದು ಕುರಿಮರಿಯ ಜಠರದ ರಸದಿಂದ. ಕಟ್ಟಾ ಸಸ್ಯಾಹಾರಿಗಳಿಗೆ ಇದು ಗೊತ್ತಿರಬೇಕು.

ಆಗಸ್ಟ್ 31ರ ಬೀದಿಯಲ್ಲೇ ಲಾ ವಿನ್ಯಾ ಎಂಬ ಬಾರು ಇದೆ. ಮೇಲ್ಮೈ ಕಪ್ಪಾಗುವಷ್ಟು ಸುಟ್ಟು, ಒಳಗೆ ಗಿಣ್ಣಿನ ಹಾಗೆ ನಡುಗುವ ಚೀಸ್‌ಕೇಕನ್ನು ಸಾಂತಿಯಾಗೊ ರಿವೇರಾ ಇಲ್ಲೇ ರೂಪಿಸಿದರು. ಚೀಸ್, ಮೊಟ್ಟೆ, ಸಕ್ಕರೆ, ಕೆನೆ, ಚಿಟಿಕೆ ಹಿಟ್ಟು. ಕೇಳಿದವರಿಗೆಲ್ಲ ಅಳತೆ ಹೇಳಿಕೊಟ್ಟರು. ಇಂದು ಬೆಂಗಳೂರಿನ ಕೆಫೆಗಳ ಗಾಜಿನ ಕಪಾಟಿನಲ್ಲಿ 'ಬಾಸ್ಕ್ ಚೀಸ್‌ಕೇಕ್' ಕೂತಿದ್ದರೆ ಅದರ ತವರು ಈ ಬೀದಿ.

ಜನವರಿಯಿಂದ ವಸಂತದವರೆಗೆ ಹೋದರೆ ಅರ್ಧ ಗಂಟೆ ದೂರದ ಅಸ್ತಿಗರ್ರಾಗಾ, ಎರ್ನಾನಿಯ ಸೇಬಿನ ಹೆಂಡದ ಮನೆಗಳನ್ನು ಬಿಡಬೇಡಿ. ಯಾರೋ 'ಚೋಚ್!' ಎಂದು ಕೂಗಿದ ಕೂಡಲೇ ಎಲ್ಲರೂ ಎದ್ದು, ದೊಡ್ಡ ಪೀಪಾಯಿಯಿಂದ ಚಿಮ್ಮುವ ಸಣ್ಣ ಧಾರೆಗೆ ಲೋಟ ಹಿಡಿಯುತ್ತಾರೆ. ಊಟ ಎಲ್ಲೆಡೆಯೂ ಅದೇ: ಕಾಡ್ ಮೀನಿನ ಆಮ್ಲೆಟ್, ಕೆಂಡದ ಮೇಲೆ ಸುಟ್ಟ ದನದ ಮಾಂಸ, ಕೊನೆಗೆ ಚೀಸ್, ಅಕ್ರೋಟು.

ಇನ್ನು ತಂಗುವ ಮಾತು. ಹಳೇ ಊರಿನ ಪೆನ್ಸಿಯೋನ್ ಎಂಬ ಪುಟ್ಟ ವಸತಿಗೃಹಗಳು ಮೇಲ್ಮಹಡಿಗಳಲ್ಲಿವೆ, ಮೆಟ್ಟಿಲು ಕಡಿದು, ಕೆಳಗಿನ ಗದ್ದಲ ನಡುರಾತ್ರಿ ದಾಟುತ್ತದೆ. ನಿದ್ದೆ ಬೇಕಾದವರು ಕೊರ್ತಾಸರ್‌ನ ಹೊಸ ಬಡಾವಣೆಗೆ ಹೋಗಲಿ, ಕೊಂಚಾ ತೀರವೂ ಹತ್ತಿರ. ಹೊಳೆಯಾಚೆಯ ಗ್ರೋಸ್ ನನ್ನ ಆಯ್ಕೆ. ಸುರಿಯೋಲಾ ತೀರದಲ್ಲಿ ಅಲೆ ಸವಾರಿಯ ಹುಡುಗರು, ಕಡಿಮೆ ಬೆಲೆಯ ಹಾಸ್ಟೆಲುಗಳು, ಊರವರೇ ಹೆಚ್ಚಾಗಿ ಉಣ್ಣುವ ಬಾರುಗಳು. ಮಕ್ಕಳೊಂದಿಗೆ ಹೋದವರಿಗೆ ಮಿರಾಮಾರ್ ಆಚೆಯ ಅಂತಿಗುವೊ ಒಳ್ಳೆಯದು. ಜುಲೈ, ಆಗಸ್ಟ್, ಸೆಪ್ಟೆಂಬರಿನ ಚಿತ್ರೋತ್ಸವದ ವಾರ ತಪ್ಪಿಸಿ. ಮೇ, ಜೂನ್, ಅಕ್ಟೋಬರ್‌ನಲ್ಲಿ ಹೋಗಿ, ಕೊಡೆ ಜೊತೆಗಿರಲಿ. ಅಲ್ಲಿನ ಜಿಟಿಜಿಟಿ ಮಳೆಗೆ 'ಸಿರಿಮಿರಿ' ಎಂದು ಹೆಸರು.

ಬಾಡಿಗೆ ಮನೆಯಲ್ಲಿ ಉಳಿಯುವ ಮುನ್ನ ಯೋಚಿಸಿ ಎಂದು ಕೈಮುಗಿದು ಕೇಳುತ್ತೇನೆ. ಪ್ರವಾಸಿಗರಿಗೆಂದು ಮನೆಗಳು ತಿರುಗಿಕೊಂಡು ಹಳೇ ಊರಿನವರು ಮನೆ ಬಿಡಬೇಕಾಗಿ ಬಂದಿದೆ. ಹೊಸ ಪ್ರವಾಸಿ ವಸತಿಗೆ ನಗರಸಭೆ ಕಡಿವಾಣ ಹಾಕಿದೆ, ಮಾರ್ಗದರ್ಶಿಯ ಹಿಂದೆ ನಡೆಯುವ ಗುಂಪು 25 ಜನರನ್ನು ಮೀರಬಾರದೆಂದು ಗೊತ್ತುಮಾಡಿದೆ. ಪರವಾನಗಿ ಇರುವ ಪೆನ್ಸಿಯೋನ್ ಹುಡುಕಿಕೊಳ್ಳುವುದು ಕಷ್ಟವೇನಲ್ಲ. ಊರವರೇ ಇಲ್ಲದ ಬೀದಿಯಲ್ಲಿ ಪಿಂಚೊ ತಿಂದು ಏನು ಮಾಡುವುದು?

ಜನವರಿ 20 ಊರಹಬ್ಬ. ನಡುರಾತ್ರಿ ಆ ಅಂಕಿಗಳ ಚೌಕದಲ್ಲಿ ಬಾವುಟ ಏರಿಸಿ, ಮುಂದಿನ ನಡುರಾತ್ರಿಯವರೆಗೆ ಊರೆಲ್ಲ ಡೋಲು ಬಾರಿಸುತ್ತದೆ. ಅರ್ಧ ಜನ ನೆಪೋಲಿಯನ್ ಕಾಲದ ಸೈನಿಕರ ವೇಷದಲ್ಲಿ, ಉಳಿದರ್ಧ ಬಿಳಿ ಟೊಪ್ಪಿಗೆಯ ಅಡುಗೆಯವರ ವೇಷದಲ್ಲಿ. ಸೈನ್ಯದ ಡೋಲನ್ನು ಅಣಕಿಸಿ ನೀರಿಗೆ ಬಂದ ಹೆಂಗಸರು ಕೊಡ ಬಡಿದದ್ದರಿಂದ ಇದು ಶುರುವಾಯಿತೆಂದು ಕಥೆ. ಆಗಸ್ಟ್ 31 ಬೇರೆ ಬಗೆಯದು. ಆ ಸಂಜೆ ಉಳಿದುಕೊಂಡ ಆ ಒಂದು ಬೀದಿಯ ವಿದ್ಯುದ್ದೀಪಗಳನ್ನು ಆರಿಸಿ ಬಾಲ್ಕನಿಗಳಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ, ಕೆಳಗೆ ಬಾರುಗಳ ಮುಂದೆ ಜನ ಲೋಟ ಹಿಡಿದು ಮಾತಿಲ್ಲದೆ ನಿಂತಿರುತ್ತಾರೆ.